‘ಇಲ್ಲ’ ಅಂತಾದ್ರೂ ಹೇಳ್ರಿ

ಇಂಟರ್‌ವ್ಯೂ ಮುಗಿದು ಕುರ್ಚಿಯಿಂದ ಏಳುವಾಗ ಎದುರಿಗೆ ಕೂತವರು ಹೇಳುವ ಕೊನೆಯ ಮಾತು ಹೆಚ್ಚೂಕಡಿಮೆ ಎಲ್ಲ ಕಂಪನಿಗಳಲ್ಲೂ ಒಂದೇ: “ವಿ ವಿಲ್ ಗೆಟ್ ಬ್ಯಾಕ್ ಟು ಯು.” ಕನ್ನಡದವರಾದ್ರೆ “ತಿಳಿಸ್ತೀವಿ” ಅಂತಾರೆ. ಯಾವಾಗ ತಿಳಿಸ್ತೀರಿ ಅಂತ ಕೇಳೋಕೆ ನಮಗೆ ಬಾಯಿ ಬರಲ್ಲ. ಕೇಳಿದ್ರೆ ಎಲ್ಲಿ ಬೇರೆ ಥರ ತಿಳ್ಕೊಂಡಾರೋ ಅನ್ನೋ ಅಂಜಿಕೆ. ‘ಥ್ಯಾಂಕ್ಯೂ ಸರ್’ ಅಂದು ಹೊರಗೆ ಬರ್ತೀವಿ. ಅಲ್ಲಿಂದ ಶುರುವಾಗೋ ಕಾಯುವಿಕೆಗೆ ಸಿಲಬಸ್ ಇಲ್ಲ, ಕೊನೆಯ ದಿನಾಂಕ ಇಲ್ಲ, ರೀವ್ಯಾಲ್ಯುಯೇಶನ್ನೂ ಇಲ್ಲ.

ನಮ್ಮ ಬಳಗದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ಬಹಳ ಮಂದಿ ಇದ್ದೀವಿ. ಪ್ಲೇಸ್‌ಮೆಂಟ್ ಬಗ್ಗೆ ಮಾತು ಬಂದಾಗೆಲ್ಲ ಒಂದು ಸಂಗತಿ ಕಾಣ್ತದೆ. ರಿಜೆಕ್ಟ್ ಆದವರು ಎರಡು ದಿನ ಬ್ಯಾಸರ ಮಾಡ್ಕೊಂಡು ಮೂರನೇ ದಿನಕ್ಕೆ ಇನ್ನೊಂದು ಅರ್ಜಿ ಹಾಕಿರ್ತಾರೆ. ಉತ್ತರನೇ ಬಾರದವರು ಮಾತ್ರ ಎರಡು ತಿಂಗಳಾದ್ರೂ ಅಲ್ಲೇ ನಿಂತಿರ್ತಾರೆ. ಮೇಲ್ ತೆಗೆಯೋದು, ಸ್ಪ್ಯಾಮ್ ಫೋಲ್ಡರ್ ನೋಡೋದು, ಗೊತ್ತಿಲ್ಲದ ನಂಬರಿಂದ ಕಾಲ್ ಬಂದ್ರೆ ಕ್ಲಾಸಿಂದ ಎದ್ದು ಓಡೋದು.

ಕೆಲಸ ಕೊಡಲೇಬೇಕು ಅಂತ ನಾವು ಹೇಳ್ತಿಲ್ಲ. ಯಾರನ್ನ ತಗೋಬೇಕು, ಯಾರನ್ನ ಬಿಡಬೇಕು ಅನ್ನೋದು ಕಂಪನಿಯ ಹಕ್ಕು. ಆದ್ರೆ ಕರೆದು ಕೂರಿಸಿ ಪ್ರಶ್ನೆ ಕೇಳಿದ ಮೇಲೆ ಉತ್ತರ ಕೊಡೋದು ಅವರ ಬಾಕಿ. ಅದು ಉಪಕಾರ ಅಲ್ಲ. ಆ ಬಾಕಿ ತೀರಿಸೋಕೆ ಅವರಿಗೆ ಹತ್ತಿರ ಹತ್ತಿರ ಏನೂ ಖರ್ಚಿಲ್ಲ. ತೀರಿಸದೇ ಹೋದ್ರೆ ಪೂರ್ತಿ ಖರ್ಚು ನಮ್ಮ ತಲೆ ಮೇಲೆ.

ಕಾಯೋದಕ್ಕೂ ರೊಕ್ಕ ಬೇಕು

ಬೆಂಗಳೂರಿನ ಹುಡುಗನಿಗೆ ಇಂಟರ್‌ವ್ಯೂ ಅಂದ್ರೆ ಒಂದು ಮೆಟ್ರೊ ಟಿಕೆಟ್ಟು, ಅರ್ಧ ದಿನ. ಕೊಪ್ಪಳದಿಂದ ಹೊರಟವರಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೋಗೋಕೆ ಒಂದು ರಾತ್ರಿ, ಬರೋಕೆ ಒಂದು ರಾತ್ರಿ. ಕುಷ್ಟಗಿಗೆ ರೈಲು ಬಂದದ್ದೇ 2025ರಲ್ಲಿ, ಅದೂ ಹುಬ್ಬಳ್ಳಿ ಕಡೆಗೆ. ಹೀಗಾಗಿ ‘ಎರಡನೇ ರೌಂಡಿಗೆ ಮುಂದಿನ ವಾರ ಕರೀತೀವಿ’ ಅಂದ್ರೆ ಊರಿಗೆ ವಾಪಸ್ ಬರೋದೋ, ಗೆಳೆಯನ ರೂಮಿನಲ್ಲೇ ಉಳ್ಕೊಳ್ಳೋದೋ ಅನ್ನೋ ಲೆಕ್ಕ ಶುರುವಾಗ್ತದೆ. ಉಳ್ಕೊಂಡ್ರೆ ಪಿಜಿ ಬಾಡಿಗೆ, ಊಟ. ಬಂದ್ರೆ ಮತ್ತೊಂದು ಸಲ ಹೋಗಿಬರೋ ಖರ್ಚು. ಆ ‘ಮುಂದಿನ ವಾರ’ ಬರೋದೇ ಇಲ್ಲ ಅಂತ ಯಾರಾದ್ರೂ ಮೊದಲೇ ಹೇಳಿದ್ರೆ ಆ ರೊಕ್ಕ ಉಳೀತಿತ್ತು.

ಎಜುಕೇಶನ್ ಲೋನ್ ತಗೊಂಡವರ ಗಡಿಯಾರ ಬೇರೆ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ಕೋರ್ಸ್ ಮುಗಿದ ಒಂದು ವರ್ಷದ ಮೇಲೆ ಕಂತು ಶುರುವಾಗ್ತದೆ. ಕಂಪನಿ ಸುಮ್ಮನಿದ್ರೆ ಬ್ಯಾಂಕ್ ಏನೂ ಸುಮ್ಮನಿರಲ್ಲ.

ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಲ್ಲಿ ಇನ್ನೊಂದು ಲೆಕ್ಕ ಇದೆ. ಮಳೆ ಕೈಕೊಟ್ಟ ವರ್ಷ ಮನೆಯವರು ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗ್ತಾರೆ. ಈ ವರ್ಷ ಹೋಗೋದೋ ಬೇಡವೋ, ಹೋದ್ರೆ ಎಷ್ಟು ಜನ, ಮೇಸ್ತ್ರಿ ಹತ್ತಿರ ಮುಂಗಡ ತಗೊಳ್ಳೋದೋ ಬಿಡೋದೋ, ಈ ತೀರ್ಮಾನ ಎಲ್ಲ ಮಗನಿಗೆ ಇಲ್ಲ ಮಗಳಿಗೆ ನೌಕರಿ ಆಗ್ತದೋ ಇಲ್ಲವೋ ಅನ್ನೋದರ ಮೇಲೆ ನಿಂತಿರ್ತದೆ. ಎಚ್‌ಆರ್ ಮೇಜಿನ ಮೇಲೆ ನಮ್ಮದು ಒಂದು ಫೈಲು. ಇಲ್ಲಿ ಅದರ ಮೇಲೆ ಒಂದು ಮನೆಯ ವರ್ಷದ ದುಡಿಮೆ ನಿಂತಿದೆ.

ರೊಕ್ಕದ ಲೆಕ್ಕಕ್ಕೆ ಸಿಗದ ಖರ್ಚೂ ಇದೆ. ಊರಿಗೆ ಹೋದ್ರೆ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟೋದರೊಳಗೆ ನಾಲ್ಕು ಮಂದಿ ಕೇಳ್ತಾರೆ.

“ಏನಾತಪಾ ತಮ್ಮಾ, ನೌಕರಿ?”

“ಇಂಟರ್‌ವ್ಯೂ ಆಗೈತ್ರಿ ಕಾಕಾ. ಇನ್ನ ಹೇಳಬೇಕು ಅವ್ರು.”

ಮುಂದಿನ ತಿಂಗಳು ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲಕ್ಕೆ ಕಾಕಾ ಪ್ರಶ್ನೆ ಕೇಳಲ್ಲ, ಮುಖ ನೋಡ್ತಾನೆ. ಇಂವ ಸುಳ್ಳು ಹೇಳಾಕತ್ತಾನ ಅನ್ನೋದು ಆ ನೋಟದಲ್ಲೇ ಇರ್ತದೆ. ರಿಜೆಕ್ಟ್ ಆಯ್ತು ಅಂದ್ರೆ ಅವ್ವನಿಗೂ ತಿಳೀತದೆ. ‘ಹೋಗ್ಲಿ ಬಿಡು, ಇನ್ನೊಂದು ನೋಡು’ ಅಂತಾಳೆ. ಪೋರ್ಟಲ್‌ನಲ್ಲಿ ‘ಅಂಡರ್ ರಿವ್ಯೂ’ ಅಂತ ಮೂರು ತಿಂಗಳಿಂದ ಇದೆ ಅನ್ನೋದನ್ನ ಅವಳಿಗೆ ಹ್ಯಾಂಗ ಬಿಡಿಸಿ ಹೇಳೋದು?

ನಮ್ಮಲ್ಲಿನ ಹುಡುಗಿಯರಿಗೆ ಈ ಮೌನ ಇನ್ನೂ ತುಟ್ಟಿ. ಡಿಗ್ರಿ ಮುಗಿದ ಮೇಲೆ ಮನೆಯವರು ಕೊಟ್ಟಿರೋ ಕಾಲ ಕಡಿಮೆ. ಆಫರ್ ಲೆಟರ್ ಕೈಯಲ್ಲಿದ್ರೆ ಅಪ್ಪನ ಜೊತೆ ಮಾತಾಡಬಹುದು. ಇಲ್ಲ ಅಂತ ಬಂದ್ರೂ ಇನ್ನೊಂದು ಕಡೆ ಪ್ರಯತ್ನ ಮಾಡ್ತೀನಿ, ಆರು ತಿಂಗಳು ಕೊಡ್ರಿ ಅಂತ ಕೇಳಬಹುದು. ಎರಡೂ ಇಲ್ಲದಾಗ “ಇನ್ನಾ ಎಷ್ಟು ದಿನ ಕಾಯೋದು? ಚಲೋ ಮನಿತನ ಬಂದೈತಿ” ಅನ್ನೋ ಮಾತಿಗೆ ಎದುರು ಹೇಳೋಕೆ ಏನೂ ಉಳಿಯಲ್ಲ. ಕಂಪನಿಯವರು ಕಳಿಸದ ಒಂದು ಮೇಲ್‌ನಿಂದ ಒಬ್ಬಳ ದಾರಿನೇ ಬದಲಾಗಬಹುದು.

ಸಂತೆಯಲ್ಲೂ ಸಂಜೆಯೊಳಗೆ ಉತ್ತರ

ಉತ್ತರ ಕೊಡೋದು ಕಷ್ಟ ಅನ್ನೋರಿಗೆ ನಮ್ಮ ಊರುಗಳನ್ನೇ ತೋರಿಸಬಹುದು.

ರೈತ ಎಪಿಎಂಸಿಗೆ ಚೀಲ ತಂದ್ರೆ ಗೇಟಿನಲ್ಲೇ ಲಾಟ್ ನಂಬರ್ ಸಿಗ್ತದೆ. ವ್ಯಾಪಾರಿಗಳು ಮಾಲು ನೋಡಿ ಆನ್‌ಲೈನ್ ಟೆಂಡರ್‌ನಲ್ಲಿ ದರ ಹಾಕ್ತಾರೆ. ನಿಗದಿ ಸಮಯಕ್ಕೆ ಟೆಂಡರ್ ಮುಚ್ತದೆ, ಯಾವ ಲಾಟಿಗೆ ಯಾರ ದರ ಹೆಚ್ಚು ಅನ್ನೋದು ಅವತ್ತೇ ಗೊತ್ತಾಗ್ತದೆ. ದರ ಹಿಡಿಸದಿದ್ರೆ ರೈತ ‘ಕೊಡಲ್ಲ’ ಅನ್ನಬಹುದು. ಬೆಳಿಗ್ಗೆ ತಂದ ಚೀಲಕ್ಕೆ ಸಂಜೆಯೊಳಗೆ ಉತ್ತರ. ನಾಲ್ಕು ವರ್ಷ ಓದಿ, ಮೂರು ರೌಂಡ್ ದಾಟಿದ ಎಂಜಿನಿಯರಿಗೆ ಮೂರು ತಿಂಗಳಾದ್ರೂ ಇಲ್ಲ.

ಗಂಗಾವತಿಯವರಿಗೆ ತುಂಗಭದ್ರಾ ಎಡದಂಡೆ ನಾಲೆಯ ಸಂಗತಿ ಹೇಳಿಕೊಡಬೇಕಿಲ್ಲ. ಎರಡನೇ ಬೆಳೆಗೆ ನೀರು ಬಿಡ್ತಾರೋ ಇಲ್ಲವೋ ಅನ್ನೋದನ್ನ ನೀರಾವರಿ ಸಲಹಾ ಸಮಿತಿ, ಅಂದ್ರೆ ಎಲ್ಲರೂ ಹೇಳೋ ‘ಐಸಿಸಿ ಸಭೆ’, ತೀರ್ಮಾನ ಮಾಡ್ತದೆ. ನೀರಿಲ್ಲ ಅಂದ್ರೆ ರೈತರಿಗೆ ಸಿಟ್ಟು ಬರ್ತದೆ, ಹೋರಾಟವೂ ಆಗ್ತದೆ. ಆದ್ರೆ ತೀರ್ಮಾನ ಗೊತ್ತಾದ ಮೇಲೆ ಯಾರೂ ಭತ್ತದ ಸಸಿ ಹಾಕಿ ಕೂರಲ್ಲ. ಬೇರೆ ಬೆಳೆ ನೋಡ್ತಾರೆ, ಇಲ್ಲ ಬೇರೆ ಕೆಲಸ ನೋಡ್ತಾರೆ. ಸಭೆ ತಡ ಆದಷ್ಟೂ ಬೀಜ, ಗೊಬ್ಬರ, ಸಾಲ ಎಲ್ಲ ಅಂದಾಜಿನ ಮೇಲೆ ನಡೀತದೆ. ‘ಇಲ್ಲ’ ಅನ್ನೋದು ಕಹಿ. ‘ಗೊತ್ತಿಲ್ಲ’ ಅನ್ನೋದು ಹೊಲವನ್ನೂ ಕೆಡಿಸ್ತದೆ, ಮನೆಯನ್ನೂ ಕೆಡಿಸ್ತದೆ.

ನಾವು ಹೋಗಿಬರೋ ರೈಲಿನ ಟಿಕೆಟ್ಟನ್ನೇ ನೋಡ್ರಿ. ಸೀಟು ಸಿಗದಿದ್ರೆ ವೇಟಿಂಗ್ ಲಿಸ್ಟ್ 23 ಅಂತ ನಂಬರ್ ಬರ್ತದೆ. ಅದು 12ಕ್ಕೆ ಇಳೀತೋ, ಆರ್‌ಎಸಿ ಆಯ್ತೋ ಅಂತ ನೋಡಬಹುದು. ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ತಾನಾಗೇ ರದ್ದಾಗಿ ದುಡ್ಡು ವಾಪಸ್ ಬರ್ತದೆ. ಕಾಯೋರ ಸಾಲಿನಲ್ಲಿ ನಾವು ಎಲ್ಲಿದ್ದೀವಿ, ಎಲ್ಲಿಯವರೆಗೆ ಕಾಯಬೇಕು, ಆಗದಿದ್ರೆ ಏನಾಗ್ತದೆ, ಮೂರೂ ಗೊತ್ತಿರ್ತದೆ. ಇಂಟರ್‌ವ್ಯೂಗೆ ಹೋದ ರೈಲಿನಲ್ಲಿ ಇಷ್ಟು ಮರ್ಯಾದೆ ಇದೆ. ಇಂಟರ್‌ವ್ಯೂ ಮಾಡಿದ ಆಫೀಸಿನಲ್ಲಿ ಯಾಕಿಲ್ಲ?

ಅವರು ಯಾಕೆ ಸುಮ್ಮನಿರ್ತಾರೆ

ಸೊಕ್ಕಿನಿಂದ ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದ್ರೆ ಒಳಗಿನ ಕೆಲಸ ಹೆಂಗೆ ನಡೀತದೆ ಅಂತ ತಿಳ್ಕೊಂಡ್ರೆ ನಮಗೇ ಒಳ್ಳೇದು.

ಒಂದು, ಬದಲಿ ಪಟ್ಟಿ. ಹತ್ತು ಜಾಗ ಇದ್ರೆ ಹದಿನೈದು ಜನರನ್ನ ಆರಿಸಿಟ್ಕೊಳ್ಳೋದುಂಟು. ಮೊದಲ ಹತ್ತರಲ್ಲಿ ಯಾರಾದ್ರೂ ಬೇರೆ ಕಡೆ ಹೋದ್ರೆ ಹನ್ನೊಂದನೆಯವರನ್ನ ಕರೀಬೇಕಲ್ಲ! ಅಲ್ಲಿಯವರೆಗೆ ಆ ಐದು ಜನರಿಗೆ ‘ಹೌದು’ ಅನ್ನಲ್ಲ, ‘ಇಲ್ಲ’ ಅನ್ನೋಕೂ ಮನಸ್ಸಿಲ್ಲ.

ಎರಡು, ಜಾಗವೇ ಇಲ್ಲದಂಗಾಗೋದು. ಇಂಟರ್‌ವ್ಯೂ ನಡೆದ ಮೇಲೆ ಕ್ಲೈಂಟ್ ಪ್ರಾಜೆಕ್ಟ್ ನಿಲ್ಲಿಸ್ತಾನೆ, ಬಜೆಟ್ ಒಪ್ಪಿಗೆ ಸಿಗಲ್ಲ. ಅದನ್ನ ಹೊರಗೆ ಹೇಳಿದ್ರೆ ಕಂಪನಿಯ ಹೆಸರು ಕೆಡ್ತದೆ ಅಂತ ಸುಮ್ಮನಾಗ್ತಾರೆ.

ಮೂರು, ನಡುವಿನವರು. ಆಫ್-ಕ್ಯಾಂಪಸ್‌ನಲ್ಲಿ ನಮ್ಮನ್ನ ಕರೆದದ್ದು ಒಂದು ಏಜೆನ್ಸಿ, ಇಂಟರ್‌ವ್ಯೂ ಮಾಡಿದ್ದು ಕಂಪನಿ. ನಾವು ಏಜೆನ್ಸಿಯನ್ನ ಕೇಳ್ತೀವಿ, ಏಜೆನ್ಸಿ ಕಂಪನಿಯನ್ನ ಕೇಳ್ತದೆ, ಅಲ್ಲಿಂದ ಸದ್ದಿಲ್ಲ.

ನಾಲ್ಕನೆಯದೇ ಮುಖ್ಯ: ‘ಇಲ್ಲ’ ಅಂತ ಹೇಳೋದು ಯಾರ ಕೆಲಸವೂ ಅಲ್ಲ. ಎಷ್ಟು ಜಾಗ ತುಂಬಿದ್ರಿ ಅಂತ ಎಚ್‌ಆರ್‌ನವರನ್ನ ಕೇಳ್ತಾರೆ. ಎಷ್ಟು ಜನರಿಗೆ ಉತ್ತರ ಕೊಟ್ರಿ ಅಂತ ಯಾರೂ ಕೇಳಲ್ಲ.

‘ಸಾವಿರಾರು ಜನಕ್ಕೆ ಉತ್ತರ ಬರೆಯೋಕೆ ಆಗ್ತದಾ’ ಅನ್ನೋದು ಅವರ ಸಾಮಾನ್ಯ ವಾದ. ಎಂಜಿನಿಯರಿಂಗ್ ಓದೋರ ಮುಂದೆ ಈ ವಾದ ನಿಲ್ಲಲ್ಲ. ಅರ್ಜಿ ಹಾಕಿದ ಕ್ಷಣಕ್ಕೆ ‘ನಿಮ್ಮ ಅರ್ಜಿ ತಲುಪಿದೆ’ ಅಂತ ಮೇಲ್ ಬರ್ತದೆ. ಟೆಸ್ಟ್ ಲಿಂಕ್, ಒಟಿಪಿ, ಕ್ಯಾಮೆರಾ ಆನ್ ಮಾಡಿ ಅನ್ನೋ ಸೂಚನೆ, ಎಲ್ಲ ಸೆಕೆಂಡಿನಲ್ಲಿ ಬರ್ತಾವೆ. ಅದೇ ಸಾಫ್ಟ್‌ವೇರಿಗೆ ಶೀಟಿನ ಒಂದು ಕಾಲಮ್ ನೋಡಿ ‘ಈ ಸಲ ಆಗಲಿಲ್ಲ’ ಅಂತ ಎರಡು ಸಾಲು ಕಳಿಸೋಕೆ ಬರಲ್ವಾ? ಮೇಲ್ ಮರ್ಜ್ ನಾವು ಫೆಸ್ಟಿನ ಸರ್ಟಿಫಿಕೇಟ್ ಕಳಿಸೋಕೇ ಬಳಸ್ತೀವಿ.

ಇನ್ನೊಂದು ವಾದದಲ್ಲಿ ಸ್ವಲ್ಪ ಹುರುಳಿದೆ. ಆಫರ್ ತಗೊಂಡು ಸೇರೋ ದಿನ ಬಾರದ ಅಭ್ಯರ್ಥಿಗಳೂ ಇದ್ದಾರೆ. ಅದಕ್ಕೇ ಬದಲಿ ಪಟ್ಟಿ ಇಟ್ಕೊಳ್ತೀವಿ ಅಂತಾರೆ. ಇಟ್ಕೊಳ್ಳಲಿ. ಆದ್ರೆ ಪಟ್ಟಿಯಲ್ಲಿ ಇರೋರಿಗೆ ‘ನೀವು ಬದಲಿ ಪಟ್ಟಿಯಲ್ಲಿದ್ದೀರಿ, ಇಂಥ ತಾರೀಖಿನವರೆಗೆ’ ಅಂತ ಹೇಳಲಿ. ಹೇಳದೇ ಇಟ್ಕೊಳ್ಳೋದು ಅಂದ್ರೆ ಇನ್ನೊಬ್ಬರ ಕಾಲವನ್ನ ಬಾಡಿಗೆ ಇಲ್ಲದೇ ಬಳಸೋದು.

ಆಫರ್ ಬಂದ ಮೇಲೂ ಕಾಯೋದು

ಕಾಯುವಿಕೆ ಆಫರ್ ಲೆಟರ್‌ನೊಂದಿಗೆ ಮುಗೀತದೆ ಅಂತ ನಂಬಿದ್ದ ದಿನಗಳೂ ಹೋದ್ವು. 2021–22ರಲ್ಲಿ ಐಟಿ ಕಂಪನಿಗಳು ಕ್ಯಾಂಪಸ್‌ಗಳಿಂದ ದೊಡ್ಡ ಸಂಖ್ಯೆಯಲ್ಲಿ ಜನರನ್ನ ಆರಿಸಿದ್ವು. ಕ್ಯಾಂಪಸ್ ನೇಮಕಾತಿ ಮುಂದೆ ಬರೋ ಪ್ರಾಜೆಕ್ಟುಗಳ ಅಂದಾಜಿನ ಮೇಲೆ ನಡೆಯೋದು. ಅಂದಾಜು ತಪ್ಪಿದ್ರೆ ಮೊದಲು ಮುಂದಕ್ಕೆ ಹೋಗೋದು ಹೊಸಬರ ಸೇರೋ ದಿನಾಂಕ. ಮುಂದೆ ಆದದ್ದೂ ಅದೇ.

ಇನ್ಫೋಸಿಸ್‌ನ 2022ರ ಬ್ಯಾಚಿನಲ್ಲಿ ಆಯ್ಕೆಯಾಗಿ ಆಫರ್ ಪಡೆದ ಸುಮಾರು 2,000 ಮಂದಿಯನ್ನ ಎರಡು ವರ್ಷವಾದ್ರೂ ಕೆಲಸಕ್ಕೆ ಸೇರಿಸಿಕೊಂಡಿಲ್ಲ ಅಂತ ಐಟಿ ನೌಕರರ ಸಂಘಟನೆ ನೈಟ್ಸ್ 2024ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಸಚಿವಾಲಯ ಕರ್ನಾಟಕದ ಕಾರ್ಮಿಕ ಇಲಾಖೆಗೆ ಪತ್ರ ಬರೀತು. ಕೊಟ್ಟ ಆಫರ್‌ಗಳನ್ನೆಲ್ಲ ಉಳಿಸಿಕೊಳ್ತೀವಿ ಅಂತ ಕಂಪನಿ ಹೇಳಿತು, ಅಕ್ಟೋಬರ್ 2024ರಿಂದ ಸೇರೋಕೆ ಕರೆ ಬಂತು. ಮುಂದೆ 2025ರ ಫೆಬ್ರುವರಿಯಲ್ಲಿ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳು ಹೊರಬಿದ್ದರು. ಮೂರು ಅವಕಾಶ ಕೊಟ್ಟರೂ ಪರೀಕ್ಷೆ ಪಾಸಾಗಲಿಲ್ಲ ಅನ್ನೋದು ಕಂಪನಿ ಕೊಟ್ಟ ಕಾರಣ. ಪರೀಕ್ಷೆ ಇಡೋದು ಅವರ ಹಕ್ಕು ಅಂತಲೇ ಒಪ್ಪೋಣ. ಆದ್ರೆ ಕಾಲೇಜು ಬಿಟ್ಟು ಎರಡು ವರ್ಷ ಕಾದವರು ಕಲಿತದ್ದನ್ನ ಎಷ್ಟು ನೆನಪಿಟ್ಟುಕೊಂಡಿರ್ತಾರೆ? ಕಾಯಿಸಿದ್ದರ ಲೆಕ್ಕ ಆ ಪರೀಕ್ಷೆಯಲ್ಲಿ ಎಲ್ಲಿತ್ತು?

ವಿಪ್ರೋದಲ್ಲಿ 2023ರಲ್ಲಿ ಕಾಯ್ತಿದ್ದವರಿಗೆ ಬಂದ ಸುದ್ದಿ ಇನ್ನೊಂದು ಥರದ್ದು: ವರ್ಷಕ್ಕೆ 6.5 ಲಕ್ಷದ ಆಫರ್ ಇದ್ದವರು 3.5 ಲಕ್ಷಕ್ಕೆ ಒಪ್ಪಿದ್ರೆ ಈಗಲೇ ಸೇರಬಹುದು ಅಂತ. ಕಾದು ಕಾದು ಸಾಕಾದವರ ಮುಂದೆ ಇಂಥ ಮಾತು ಇಟ್ರೆ ಅದು ಆಯ್ಕೆನಾ, ಅನಿವಾರ್ಯನಾ ಅಂತ ನೀವೇ ಹೇಳ್ರಿ.

ಸರ್ಕಾರಿ ನೌಕರಿಯಲ್ಲಿ ಇದಕ್ಕಿಂತ ಉದ್ದದ ಕಥೆ ಇದೆ. ಕೆಪಿಎಸ್‌ಸಿಯ 2011ರ ಬ್ಯಾಚಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2013ರಲ್ಲಿ ಸಂದರ್ಶನ ನಡೀತು. ಅಕ್ರಮದ ಆರೋಪ, ಸಿಐಡಿ ತನಿಖೆ ಆಗಿ 2014ರಲ್ಲಿ ಸರ್ಕಾರ ಆಯ್ಕೆಪಟ್ಟಿಯನ್ನ ಕೈಬಿಟ್ಟಿತು. 2016ರಲ್ಲಿ ಕೆಎಟಿ ಅಭ್ಯರ್ಥಿಗಳ ಪರ ಆದೇಶ ಕೊಟ್ಟಿತು, 2018ರಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡಿತು. ಕೊನೆಗೆ 2022ರಲ್ಲಿ ವಿಧಾನಮಂಡಲ ಕಾಯ್ದೆ ಮಾಡಿ ಆ ನೇಮಕಾತಿಗೆ ದಾರಿ ಮಾಡಿತು. ಸಂದರ್ಶನದಿಂದ ಲೆಕ್ಕ ಹಾಕಿದ್ರೂ 9 ವರ್ಷ. ಯಾರದ್ದು ಸರಿ, ಯಾರದ್ದು ತಪ್ಪು ಅನ್ನೋದು ಬೇರೆ ಮಾತು. ಆ ಪಟ್ಟಿಯಲ್ಲಿ ಪ್ರಾಮಾಣಿಕವಾಗಿ ಓದಿ ಬರೆದವರೂ ಇದ್ದಿದ್ರೆ, ಅವರ ವಯಸ್ಸಿನ 9 ವರ್ಷವನ್ನ ಯಾವ ಕಾಯ್ದೆ ವಾಪಸ್ ಕೊಡ್ತದೆ?

ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಸರ್ಕಾರಿ ನೇಮಕಾತಿಯಲ್ಲಿ ತಡ ಆದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಕೆಎಟಿ ಮೆಟ್ಟಿಲು ಹತ್ತಬಹುದು, ವಿಧಾನಸೌಧದಲ್ಲಿ ಪ್ರಶ್ನೆ ಎತ್ತಿಸಬಹುದು. ನಮ್ಮ ಭಾಗದವರಿಗೆ 371(ಜೆ) ಅಡಿ ಸಿಗೋ ಮೀಸಲಾತಿ ಕೂಡ ಶಿಕ್ಷಣ ಮತ್ತು ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿ ಬಾಯಿ ಮುಚ್ಚಿಕೊಂಡ್ರೆ ಹೋಗೋಕೆ ಬಾಗಿಲೇ ಇಲ್ಲ.

ಬಾಗಿಲು ಮಾಡಿದವರೂ ಇದ್ದಾರೆ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಒಂದು ನಿಯಮ ಬಂದಿದೆ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ, ತಾನು ಸಾರ್ವಜನಿಕವಾಗಿ ಪ್ರಕಟಿಸಿದ ಕೆಲಸಕ್ಕೆ ಯಾರನ್ನಾದ್ರೂ ಇಂಟರ್‌ವ್ಯೂ ಮಾಡಿದ್ರೆ, ಕೊನೆಯ ಇಂಟರ್‌ವ್ಯೂ ಆದ 45 ದಿನದೊಳಗೆ ನೇಮಕಾತಿಯ ತೀರ್ಮಾನ ಆಯ್ತೋ ಇಲ್ಲವೋ ಅಂತ ಅವರಿಗೆ ತಿಳಿಸಬೇಕು. ಕೆಲಸ ಕೊಡಿ ಅಂತ ಆ ಕಾನೂನು ಹೇಳಲ್ಲ. ಹೇಳಿ ಅಂತ ಮಾತ್ರ ಹೇಳ್ತದೆ.

ನಮ್ಮ ರಾಜ್ಯಕ್ಕೂ ಕಾಯುವಿಕೆಯನ್ನ ದಿನಗಳಲ್ಲಿ ಅಳೆಯೋದು ಹೊಸದಲ್ಲ. ಯುವನಿಧಿ ಯೋಜನೆಯನ್ನೇ ನೋಡ್ರಿ: ಪಾಸಾಗಿ 180 ದಿನ ಆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಕಾಯೋರಿಗೆ ದಿನ ಲೆಕ್ಕ ಹಾಕಿ ಭತ್ಯೆ ಕೊಡೋ ಸರ್ಕಾರ, ಕಾಯಿಸೋರಿಗೂ ಒಂದು ದಿನಾಂಕ ಹಾಕಬಹುದು. ರಾಜ್ಯದ ಉದ್ಯೋಗ ಮೇಳಗಳಿಂದಲೇ ಶುರು ಮಾಡಲಿ: ಮೇಳಕ್ಕೆ ಬರೋ ಕಂಪನಿ ಇಷ್ಟು ದಿನದೊಳಗೆ ಪ್ರತಿಯೊಬ್ಬರಿಗೂ ಉತ್ತರ ಕೊಡ್ತೀವಿ ಅಂತ ಬರೆದುಕೊಟ್ಟರೆ ಮಾತ್ರ ಅದಕ್ಕೆ ಟೇಬಲ್ಲು.

ನಮ್ಮ ಕ್ಯಾಂಪಸ್‌ನಲ್ಲಿ ಆಗಬೇಕಾದ್ದು

ಕಾನೂನು ಬರೋದಕ್ಕೆ ಕಾಯ್ತಾ ಕೂತ್ರೆ ಅದೂ ಇನ್ನೊಂದು ಕಾಯುವಿಕೆ ಆಗ್ತದೆ. ಪ್ಲೇಸ್‌ಮೆಂಟ್ ಸೆಲ್ ಮನಸ್ಸು ಮಾಡಿದ್ರೆ ಮುಂದಿನ ಡ್ರೈವ್‌ನಿಂದಲೇ ಆಗೋ ಕೆಲಸ ನಾಲ್ಕಿವೆ.

ಮೊದಲನೆಯದು: ಕಂಪನಿಗೆ ಹಾಲ್ ಕೊಡೋ ಮುಂಚೆ ಫಲಿತಾಂಶದ ದಿನಾಂಕ ಬರೆಸಿಕೊಳ್ಳೋದು. ಪ್ಯಾಕೇಜ್ ಎಷ್ಟು, ಬಾಂಡ್ ಎಷ್ಟು ವರ್ಷ ಅಂತ ನೋಟಿಸಿನಲ್ಲಿ ಹಾಕ್ತೀವಲ್ಲ, ಅದರ ಪಕ್ಕದಲ್ಲೇ ‘ಫಲಿತಾಂಶ: ಇಂಥ ದಿನ’ ಅಂತ ಇರಲಿ. ಆ ದಿನ ದಾಟಿದ್ರೆ ಸೆಲ್‌ನವರೇ ಕೇಳಲಿ. ಇಪ್ಪತ್ತು ವಿದ್ಯಾರ್ಥಿಗಳು ಇಪ್ಪತ್ತು ಮೇಲ್ ಕಳಿಸೋದಕ್ಕಿಂತ ಕಾಲೇಜಿನ ಒಂದು ಮೇಲ್‌ಗೆ ತೂಕ ಹೆಚ್ಚು. ಪೂಲ್ ಕ್ಯಾಂಪಸ್‌ಗೆ ಅಂತ ಹುಬ್ಬಳ್ಳಿಗೋ ಬಳ್ಳಾರಿಗೋ ನಮ್ಮನ್ನ ಕಳಿಸಿದಾಗಲೂ ಇದೇ ನಿಯಮ ಇರಲಿ.

ಎರಡನೆಯದು: ಆಯ್ಕೆಯಾದವರ ಪಟ್ಟಿ ಮಾತ್ರ ಅಲ್ಲ, ಹಾಜರಾದ ಪ್ರತಿಯೊಬ್ಬರಿಗೂ ಅವರವರ ಮೇಲ್‌ಗೆ ಉತ್ತರ ಹೋಗಲಿ: ಆಯ್ತು, ಆಗಲಿಲ್ಲ, ಬದಲಿ ಪಟ್ಟಿ. ಮೂರೇ ಪದ.

ಮೂರನೆಯದು ಬಹಳ ಜನರ ಹೊಟ್ಟೆಗೆ ಸಂಬಂಧಿಸಿದ್ದು. ಎಷ್ಟೋ ಕಾಲೇಜುಗಳಲ್ಲಿ ‘ಒಬ್ಬರಿಗೆ ಒಂದು ಆಫರ್’ ನಿಯಮ ಇದೆ. ಎಲ್ಲರಿಗೂ ಅವಕಾಶ ಸಿಗಲಿ ಅನ್ನೋ ಉದ್ದೇಶ ಒಳ್ಳೇದೇ. ಆದ್ರೆ ಸೇರೋ ದಿನಾಂಕ ಇಲ್ಲದ ಕಾಗದ ಕೈಗೆ ಬಂದ ಕೂಡಲೇ ಆ ವಿದ್ಯಾರ್ಥಿ ಉಳಿದ ಡ್ರೈವ್‌ಗಳಿಂದ ಹೊರಗೆ. ಎಷ್ಟೋ ಸಲ ಆ ಕಾಗದ ಆಫರ್ ಲೆಟರ್ ಕೂಡ ಆಗಿರಲ್ಲ. ‘ಲೆಟರ್ ಆಫ್ ಇಂಟೆಂಟ್’ ಆಗಿರ್ತದೆ, ಇದು ಕೆಲಸದ ಭರವಸೆ ಅಲ್ಲ ಅಂತ ಅದರ ಕೆಳಗೇ ಸಣ್ಣ ಅಕ್ಷರದಲ್ಲಿ ಇರ್ತದೆ. ಕಂಪನಿ ಕಟ್ಟಿಹಾಕಿಕೊಳ್ಳಲ್ಲ, ಕಾಲೇಜು ಮಾತ್ರ ನಮ್ಮನ್ನ ಕಟ್ಟಿಹಾಕ್ತದೆ. ಸೇರೋ ದಿನಾಂಕ ಬರೆದು ಕೊಟ್ಟ ಆಫರನ್ನ ಮಾತ್ರ ಆಫರ್ ಅಂತ ಲೆಕ್ಕಕ್ಕೆ ಹಿಡಿಯಲಿ. ಆ ದಿನಾಂಕ ಮುಂದಕ್ಕೆ ಹೋದ್ರೆ ವಿದ್ಯಾರ್ಥಿಗೆ ಬಾಗಿಲು ಮತ್ತೆ ತೆರೆಯಲಿ.

ನಾಲ್ಕನೆಯದು: ಗೇಟಿನ ಫ್ಲೆಕ್ಸಿನಲ್ಲಿ ‘ಇಷ್ಟು ಆಫರ್’ ಅಂತ ಹಾಕೋದರ ಜೊತೆಗೆ ‘ಸೇರಿದವರು ಇಷ್ಟು’ ಅಂತಲೂ ಹಾಕೋಣ. ಹೊಸದಾಗಿ ಅಡ್ಮಿಶನ್‌ಗೆ ಬರೋ ಹುಡುಗ ಹುಡುಗಿಯರ ಅಪ್ಪ ಅವ್ವ ಆ ಫ್ಲೆಕ್ಸ್ ನೋಡೇ ಒಳಗೆ ಬರ್ತಾರೆ. ಅವರಿಗೆ ಬೇಕಾದ್ದು ಎರಡನೆಯ ಸಂಖ್ಯೆ.

ಇದರ ಜೊತೆ ನಮ್ಮ ಬಳಗವೇ ಮಾಡಬಹುದಾದ ಒಂದು ಕೆಲಸ ಇದೆ: ಎಲ್ಲರೂ ತುಂಬೋ ಒಂದು ಶೀಟ್. ಯಾವ ಕಂಪನಿ, ಇಂಟರ್‌ವ್ಯೂ ಯಾವತ್ತು, ಉತ್ತರ ಬಂದದ್ದು ಯಾವತ್ತು. ಬೈಗುಳ ಬೇಡ, ಅಭಿಪ್ರಾಯವೂ ಬೇಡ, ತಾರೀಖು ಸಾಕು. ಒಂದು ವರ್ಷ ತುಂಬಿದ್ರೆ ಯಾವ ಕಂಪನಿ ಎಷ್ಟು ದಿನಕ್ಕೆ ಉತ್ತರ ಕೊಡ್ತದೆ ಅನ್ನೋದು ಜೂನಿಯರ್‌ಗಳಿಗೆ ಗೊತ್ತಾಗ್ತದೆ. ಹತ್ತು ದಿನದಲ್ಲಿ ಉತ್ತರ ಕೊಡೋ ಕಂಪನಿಯ ಒಳ್ಳೆಯ ಹೆಸರೂ ಅದರಲ್ಲೇ ಬರ್ತದೆ.

ಟೈಮರ್ ಇಲ್ಲದೇ ಪ್ಯಾಕೆಟ್ ಕಳಿಸಬಾರದು

ಈಗ ಕಾಯ್ತಿರೋರಿಗೆ ನಾಲ್ಕು ಮಾತು. ನೆಟ್‌ವರ್ಕ್ಸ್ ಪೇಪರಿನಲ್ಲಿ ಟಿಸಿಪಿ ಓದಿದ್ದೀವಿ. ಪ್ಯಾಕೆಟ್ ಕಳಿಸಿದ ಕೂಡಲೇ ಟೈಮರ್ ಶುರು. ಅಷ್ಟರೊಳಗೆ ತಲುಪಿತು ಅನ್ನೋ ಎಸಿಕೆ ಬಾರದಿದ್ರೆ ಇನ್ನೊಮ್ಮೆ ಕಳಿಸ್ತದೆ, ಈ ಸಲ ಎರಡು ಪಟ್ಟು ಕಾಯ್ತದೆ. ಹೀಗೇ ಕೆಲವು ಸಲ ನೋಡಿ, ಆಗಲೂ ಸದ್ದಿಲ್ಲದಿದ್ರೆ ಕನೆಕ್ಷನ್ ಮುಚ್ಚಿ ಮುಂದೆ ಹೋಗ್ತದೆ. ಅದಕ್ಕೆ ಅವಮಾನ ಇಲ್ಲ. ಟೈಮರ್ ಇಲ್ಲದ ಪ್ರೋಗ್ರಾಂ ಮಾತ್ರ ಹ್ಯಾಂಗ್ ಆಗಿ ನಿಲ್ತದೆ.

ಹಂಗೇ ಇಂಟರ್‌ವ್ಯೂ ಕೊನೆಯಲ್ಲಿ ‘ಏನಾದ್ರೂ ಕೇಳೋದಿದೆಯಾ’ ಅಂದಾಗ ಒಂದೇ ಪ್ರಶ್ನೆ ಕೇಳೋಣ: ಫಲಿತಾಂಶ ಯಾವ ದಿನದೊಳಗೆ ಗೊತ್ತಾಗ್ತದೆ, ಯಾರಿಗೆ ಮೇಲ್ ಮಾಡಬೇಕು? ಇದನ್ನ ಕೇಳಿದ್ದಕ್ಕೆ ಕೆಲಸ ತಪ್ಪಿಸೋ ಕಂಪನಿ ಇದ್ರೆ ಅಲ್ಲಿ ಸೇರದಿದ್ದದ್ದೇ ಚಲೋ. ಹೇಳಿದ ದಿನ ದಾಟಿ ಮೂರು ದಿನ ಬಿಟ್ಟು ಒಂದು ಮೇಲ್: ಹೆಸರು, ಇಂಟರ್‌ವ್ಯೂ ತಾರೀಖು, ಯಾವ ಹುದ್ದೆ, ಈಗ ಯಾವ ಹಂತದಲ್ಲಿದೆ ಅನ್ನೋ ಪ್ರಶ್ನೆ. ನಾಲ್ಕೇ ಸಾಲು, ಬೇಡಿಕೊಳ್ಳೋ ಮಾತು ಬೇಡ. ಹತ್ತು ದಿನ ಬಿಟ್ಟು ಇನ್ನೊಂದು. ಆಮೇಲೆ ಕನೆಕ್ಷನ್ ಕ್ಲೋಸ್. ಅವರು ಹೇಳದ ‘ಇಲ್ಲ’ವನ್ನ ನಾವೇ ನಮಗೆ ಹೇಳಿಕೊಳ್ಳೋದು. ಆಮೇಲೆ ‘ಹೌದು’ ಅಂತ ಬಂದ್ರೆ ಬರಲಿ, ಬೇಡ ಅಂತ ಯಾರೂ ಅನ್ನಲ್ಲ.

ಕಾಯೋ ಹೊತ್ತಿನಲ್ಲಿ ಬೇರೆ ಬಾಗಿಲು ಮುಚ್ಚಿಕೊಳ್ಳಬಾರದು. ಗೇಟ್ ಪರೀಕ್ಷೆಯ ಅರ್ಜಿ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರುವರಿಯಲ್ಲಿ. ಪಿಜಿಸಿಇಟಿ ಇದೆ. ಪದವೀಧರರಿಗೆ ಅಪ್ರೆಂಟಿಸ್‌ಶಿಪ್ ಇದೆ. ಬಾಯಿಮಾತಿನ ‘ತಿಳಿಸ್ತೀವಿ’ ನಂಬಿ ಇವುಗಳ ಕೊನೆಯ ದಿನ ತಪ್ಪಿಸಿಕೊಂಡ್ರೆ ಹೋಗೋದು ಪೂರ್ತಿ ಒಂದು ವರ್ಷ.

ಇನ್ನೊಂದು ಎಚ್ಚರಿಕೆ. ಕಾಯೋರು ಎಲ್ಲಿದ್ದಾರೆ ಅಂತ ಮೋಸಗಾರರಿಗೂ ಗೊತ್ತು. ‘ನೀವು ಸೆಲೆಕ್ಟ್ ಆಗಿದ್ದೀರಿ, ಲ್ಯಾಪ್‌ಟಾಪ್‌ಗೆ ಡೆಪಾಸಿಟ್ ಕಟ್ಟಿ, ವೆರಿಫಿಕೇಶನ್‌ಗೆ ಫೀ ಕಳಿಸಿ’ ಅನ್ನೋ ಕಾಲ್ ಬಂದ್ರೆ ಖುಷಿಯಲ್ಲಿ ಯೋಚನೆ ಮಾಡದೇ ಕಳಿಸಿಬಿಡೋ ಮನಸ್ಸಾಗ್ತದೆ. ಕೆಲಸ ಕೊಡೋರು ಸಂಬಳ ಕೊಡ್ತಾರೆ, ದುಡ್ಡು ಕೇಳಲ್ಲ. ಯಾರಾದ್ರೂ ಕಳಕೊಂಡಿದ್ರೆ ತಡ ಮಾಡದೇ 1930ಕ್ಕೆ ಕಾಲ್ ಮಾಡ್ರಿ.

ಸೀನಿಯರ್‌ಗಳಿಗೂ ಒಂದು ಮಾತು. ನೀವು ಈಗ ಟೀಮ್ ಲೀಡ್ ಆಗಿದ್ದೀರಿ, ಕೆಲವರು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತೀರಿ. ರೆಫರಲ್ ಕೊಡ್ರಿ ಅಂತ ನಿಮ್ಮನ್ನ ಕೇಳೋರು ಬಹಳ. ಅದು ಆಗದಿದ್ರೂ ನಡೀತದೆ. ನೀವು ಪ್ರಶ್ನೆ ಕೇಳಿ ಕಳಿಸಿದ ಹುಡುಗ ಹುಡುಗಿಗೆ ಉತ್ತರ ಹೋಯ್ತಾ ಅಂತ ನಿಮ್ಮ ಎಚ್‌ಆರ್‌ನವರನ್ನ ಒಂದು ಸಲ ಕೇಳ್ರಿ. ಪ್ರತಿ ಸಲವೂ ಕೇಳ್ರಿ. ಒಳಗಿನವರು ಕೇಳಿದ್ರೆ ಬೇಗ ಬದಲಾಗ್ತದೆ. ಹೊರಗೆ ನಿಂತು ನಾವು ಕೇಳೋದು ಅವರಿಗೆ ಬೇಗ ಕೇಳಿಸಲ್ಲ.

ಕಂಪನಿಗಳಿಗೆ ನಮ್ಮ ಬೇಡಿಕೆ ಬಹಳ ಸಣ್ಣದು. ‘ಆಗಲಿಲ್ಲ’ ಅಂತ ಹೇಳಿದ್ರೆ ನಾವು ಮುರಿದು ಬೀಳಲ್ಲ. ಮಳೆ ಬಾರದ ವರ್ಷಗಳನ್ನ ನೋಡಿದ ಊರಿನವರು ನಾವು. ಇಲ್ಲ ಅನ್ನೋದನ್ನ ಕೇಳಿ ಗೊತ್ತಿದೆ, ಕೇಳಿದ ಮೇಲೆ ಏನು ಮಾಡಬೇಕು ಅನ್ನೋದೂ ಗೊತ್ತಿದೆ. ಹೇಳ್ರಿ, ಅಷ್ಟೇ. ಮುಂದಿನದನ್ನ ನಾವು ನೋಡ್ಕೊಳ್ತೀವಿ.